ಬ್ಯಾಟರಿ ಸತ್ತರೆ ಗಾಡಿನೂ ಸತ್ತಂಗಾ?

ನಮ್ಮೂರು ಕ್ಯಾಸಂಬಳ್ಳಿ. "ಅದೆಲ್ಲಿ ಬರುತ್ತೆ?" ಅಂತ ಕೇಳದವರು ಬೆಂಗಳೂರಿನಲ್ಲಿ ಸಿಕ್ಕಿದ್ದೇ ಇಲ್ಲ. ಕೆಜಿಎಫ್ ಹತ್ರ ಅಂದ್ರೆ ಸಾಕು, ಮುಖ ಅರಳುತ್ತೆ (ಸಿನಿಮಾ ಬಂದ ಮೇಲಂತೂ ಕೇಳೋದೇ ಬೇಡ). ಊರಿನ ಬಗ್ಗೆ ಜಂಬ ಕೊಚ್ಚಿಕೊಳ್ಳೋಕೆ ನನ್ನ ಹತ್ರ ಇರೋದು ಒಂದೇ ವಿಷಯ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ.ಸಿ.ರೆಡ್ಡಿಯವರು ನಮ್ಮೂರಿನವರು. ಆ 'ಕೆ' ಅಂದ್ರೆ ಕ್ಯಾಸಂಬಳ್ಳಿ, ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಅವರು ಹುಟ್ಟಿದ್ದು 1902ರ ಮೇ 4ರಂದು.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ರೆಡ್ಡಿಯವರಿಗೆ ಎರಡು ತಿಂಗಳು ತುಂಬುವುದರೊಳಗೆ, ಅಂದರೆ ಜೂನ್ 30ರಂದು, ಪಕ್ಕದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಕರೆಂಟು ಬಂತು. 92 ಮೈಲಿ ತಂತಿ, ಅಂದರೆ ಹೆಚ್ಚುಕಮ್ಮಿ 148 ಕಿಲೋಮೀಟರ್. ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. 35,000 ವೋಲ್ಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸು ಅದು. ಆದರೆ ಪಾಪ, ಕರೆಂಟು ಹರಿಯೋದನ್ನ ನೋಡೋಕೆ ಅವರು ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಯೋಜನೆ ಹಾಕಿ ನಿಲ್ಲಿಸಿದ ಇಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್. ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ಅಂದರೆ ಬೆಂಗಳೂರಿಗಿಂತ ಮೊದಲೇ ನಮ್ಮ ಕಡೆ ಕರೆಂಟು! (ನಮ್ಮ ಕಡೆ ಅಂದ್ರೆ ಗಣಿಗೆ. ಹಳ್ಳಿಗಳಿಗೆ ಬರೋಕೆ ಬಹಳ ವರ್ಷ ಹಿಡೀತು, ಆ ಮಾತು ಬೇರೆ.)

ಈ ಕಥೆ ಎಲ್ಲರೂ ಬರೀತಾರೆ. ನನಗೆ ಇತ್ತೀಚೆಗೆ ಕುತೂಹಲ ಹುಟ್ಟಿಸಿದ್ದು ಅದರ ಇನ್ನೊಂದು ಮಗ್ಗುಲು. ಆಗ ಗಣಿಯವರ ಹತ್ರ ಚೆನ್ನಾಗಿ ಓಡ್ತಾ ಇದ್ದ ಉಗಿ ಯಂತ್ರಗಳಿದ್ದವು. ಕೆಟ್ಟಿರಲಿಲ್ಲ. ಅದಿರು ಕುಟ್ಟೋದು, ಗಾಳಿ ಒತ್ತೋದು ಎಲ್ಲಾ ಅದರಲ್ಲೇ ನಡೀತಿತ್ತು. ಆದರೆ ಸೌದೆ, ಕಲ್ಲಿದ್ದಲಿನ ಖರ್ಚು ಬೆನ್ನು ಮುರೀತಾ ಇತ್ತು. ಸುತ್ತಮುತ್ತ ಕಲ್ಲಿದ್ದಲು ಸಿಗೋದಿಲ್ಲ, ಎಲ್ಲ ದೂರದಿಂದ ರೈಲಿನಲ್ಲಿ ಬರಬೇಕು. ಇರೋ ಯಂತ್ರ ಇಟ್ಟುಕೊಳ್ಳೋದಾ, ತೆಗೆದು ಹೊಸದು ಹಾಕೋದಾ? ಗಣಿ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಕಂಪನಿಯವರ ಮುಂದೆ ಇದ್ದ ಪ್ರಶ್ನೆ ಇದು. ಅವರು ಯಂತ್ರದ ವಯಸ್ಸು ನೋಡಲಿಲ್ಲ, ದಿನಾ ಅದರ ಹೊಟ್ಟೆಗೆ ಹಾಕೋ ಮೇವಿನ ಲೆಕ್ಕ ನೋಡಿದರು. ಕರೆಂಟಿನ ದರವನ್ನ ಮೊದಲೇ ಬಾಯಿಬಿಟ್ಟು ಮಾತಾಡಿ, ಕರಾರು ಬರೆಸಿಕೊಂಡು, ಆಮೇಲೆ ಹೂಂ ಅಂದರು. ಈ ಕರಾರಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಷ್ಟೆಲ್ಲ ಹಳೇ ಪುರಾಣ ಈಗ ಯಾಕೆ ಅಂದ್ರೆ, ನಮ್ಮ ಮನೆಯಲ್ಲೂ ಎರಡು ತಿಂಗಳಿಂದ ಇದೇ ಪಂಚಾಯ್ತಿ ನಡೀತಿತ್ತು. ಗಣಿಯಷ್ಟು ದೊಡ್ಡದಲ್ಲ ಬಿಡಿ, ಎರಡು ಕರೆಂಟು ಸ್ಕೂಟರ್ ಅಷ್ಟೆ :)

ಒಂದು ಅಪ್ಪನದು. 2012ರ ಶುರುವಿನಲ್ಲಿ ತಗೊಂಡಿದ್ದು. 250 ವ್ಯಾಟ್ ಮೋಟರ್, 25 ಕಿಲೋಮೀಟರ್‌ಗಿಂತ ಜೋರಾಗಿ ಓಡಲ್ಲ, ಲೈಸೆನ್ಸೂ ಬೇಡ ರಿಜಿಸ್ಟ್ರೇಷನ್ನೂ ಬೇಡ ಅನ್ನೋ ಜಾತಿ. ಆಗ ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2010ರ ನವೆಂಬರ್‌ನಿಂದ ಇಂಥ ಸ್ಕೂಟರಿಗೆ 4,000 ರೂಪಾಯಿವರೆಗೆ ಸಬ್ಸಿಡಿ ಕೊಡ್ತಾ ಇತ್ತು. 2012ರ ಮಾರ್ಚ್ 31ಕ್ಕೆ ಅದು ನಿಂತುಹೋಯಿತು. ನಿಂತ ಮೇಲೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪನ ಗಾಡಿ ಮಾಡಿದ ಕಂಪನಿ ಈಗ ಇಲ್ಲ. ಗಾಡಿ ಮಾತ್ರ ಇದೆ.

ಇನ್ನೊಂದು ಅಕ್ಕನದು. 2021ರದ್ದು. ಲೀಥಿಯಂ ಬ್ಯಾಟರಿ, ದೊಡ್ಡ ಸ್ಕ್ರೀನು, ಮೊಬೈಲಿಗೆ ಆಪ್, ಎಲ್ಲಾ ಇದೆ. ಹೆಸರು ಬೇಡ. ಹೊಸದರಲ್ಲಿ 85 ಕಿಲೋಮೀಟರ್ ಬರ್ತಿತ್ತು, ಈಗ 45 ಬಂದರೆ ಪುಣ್ಯ. ಅಕ್ಕ ದಿನಾ ಕೆಲಸಕ್ಕೆ ಅದರಲ್ಲೇ ಹೋಗಿ ಬರೋದು. ಕಾಮಸಮುದ್ರದ ಕಡೆ ಆನೆ ಇಳಿದಿವೆ ಅಂತ ಸುದ್ದಿ ಬಂದ ಒಂದು ಸಂಜೆ, ಗಾಡಿ 18 ಪರ್ಸೆಂಟ್ ತೋರಿಸ್ತಾ ತೋರಿಸ್ತಾ ಇದ್ದಕ್ಕಿದ್ದಂಗೆ 4ಕ್ಕೆ ಇಳಿದು ನಿಂತೇಬಿಟ್ಟಿತು. ಸುತ್ತ ಮಾವಿನ ತೋಪು, ಕತ್ತಲು. ಭಾವ ಬೈಕ್ ತಗೊಂಡು ಹೋಗಿ ಕರ್ಕೊಂಡು ಬಂದರು. ಅವತ್ತಿಂದ ಅಮ್ಮ "ಆ ದರಿದ್ರದ ಗಾಡಿ ಮಾರಿ ಪೆಟ್ರೋಲಿಂದು ತಗೊಳ್ಳಿ" ಅಂತ ರಾಗ ಶುರು ಮಾಡಿದರು. ಭಾವ "ಎರಡನ್ನೂ ಕೊಟ್ಟು ಹೊಸದೊಂದು ತಗೊಳ್ಳೋಣ" ಅಂದರು. ಅಪ್ಪ ತಮ್ಮ ಗಾಡಿ ಮುಟ್ಟಬೇಡಿ ಅಂದರು. ಮನೆಯಲ್ಲಿ ಇಂಜಿನಿಯರ್ ಅನ್ನಿಸಿಕೊಂಡವನು ನಾನೊಬ್ಬನೇ ಆದ್ದರಿಂದ ತೀರ್ಪು ನನ್ನ ತಲೆಗೆ ಬಂತು. (ಸಾಫ್ಟ್‌ವೇರ್ ಇಂಜಿನಿಯರ್‌ಗೂ ಸ್ಕೂಟರಿಗೂ ಏನು ಸಂಬಂಧ ಅಂತ ಯಾರೂ ಕೇಳಲ್ಲ. ಟಿವಿ ಕೆಟ್ಟರೂ ನಾನೇ, ಇನ್ವರ್ಟರ್ ಕೆಟ್ಟರೂ ನಾನೇ.)

ಸರಿ, ತೀರ್ಪು ಕೊಡೋಕೆ ಮುಂಚೆ ಹಿಂದೆ ಯಾರ್ಯಾರು ಏನೇನು ಮಾಡಿದ್ರು ನೋಡೋಣ ಅಂತ ಓದೋಕೆ ಕೂತೆ. ಓದಿದ್ದು ಜಾಸ್ತಿಯಾಗಿ ಈ ಪೋಸ್ಟ್ ಆಯಿತು.

*

ಮೊದಲಿಗೆ ನಮ್ಮ ಬೆಂಗಳೂರಿನ ರೇವಾ. ಮೈನಿ ಗ್ರೂಪ್ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲಿ ಶುರು ಮಾಡಿದ ಕಂಪನಿ. ಹಿಂದಿದ್ದ ತಲೆ ಚೇತನ್ ಮೈನಿ. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ 1990ರ ಸೋಲಾರ್ ಕಾರ್ ತಂಡದಲ್ಲಿದ್ದವರು. ಕಾರಿಗಿಟ್ಟಿದ್ದು ಅವರ ತಾಯಿಯ ಹೆಸರು. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿಯಿತು. ಅದೇ 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತ್ತು ಅನ್ನೋದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಈ ರಾಜ್ಯದ ಕರೆಂಟಿನ ಮೊದಲ ದೊಡ್ಡ ಗಿರಾಕಿ ಹೋದ ವರ್ಷವೇ ಕರೆಂಟು ಕಾರು ಬಂತು ನೋಡಿ.

ಹಳೇ ರೇವಾ ಬಹಳ ಸರಳ. ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟು. ಗಾಲ್ಫ್ ಮೈದಾನದ ಗಾಡಿಗಳಿಗೆ ಹಾಕುವಂಥ ಜಾತಿ. ಅವುಗಳ ತೂಕವೇ ಸುಮಾರು ಕಾಲು ಟನ್. ಮನೆಯ 15 ಆಂಪ್ ಪಾಯಿಂಟಿಗೆ ಸಿಗಿಸಿದರೆ ಎಂಟು ಗಂಟೆಯಲ್ಲಿ ಫುಲ್. ಸುಮಾರು ಒಂಬತ್ತು ಯೂನಿಟ್ ಕರೆಂಟು, 80 ಕಿಲೋಮೀಟರ್ ಓಟ, ಅದೂ ಬ್ಯಾಟರಿ ಹೊಸದಿದ್ದಾಗ. ಮೂರು ವರ್ಷ ಹೆಚ್ಚುಕಮ್ಮಿಗೆ ಆ ಎಂಟೂ ಮುದುಕಾಗುತ್ತಿದ್ದವು. ಆಗ ಮನೆಯವರ ಮುಂದೆ ಅದೇ ಪ್ರಶ್ನೆ: ಒಂದು ಸೆಟ್ ಹೊಸ ಬ್ಯಾಟರಿಗೆ ದುಡ್ಡು ಸುರಿಯೋದಾ, ಗಾಡಿ ಕೊಡೋದಾ? ಪೆಟ್ರೋಲ್ ಕಾರಿನವರಿಗೆ ಈ ಪ್ರಶ್ನೆ ಬರೋದೇ ಇಲ್ಲ. ಅವರು ಪೆಟ್ರೋಲಿಗೆ ದಿನಾ ಚಿಲ್ಲರೆ ಚಿಲ್ಲರೆಯಾಗಿ ಕೊಡ್ತಾರೆ, ಗೊತ್ತಾಗಲ್ಲ. ಕರೆಂಟು ಗಾಡಿಯವನು ಮೂರು ವರ್ಷದ ಪೆಟ್ರೋಲನ್ನ ಒಂದೇ ದಿನ ಕೊಳ್ಳಬೇಕು, ಅದಕ್ಕೆ ಎದೆ ಧಸಕ್ ಅನ್ನುತ್ತೆ.

ನಾನು ಜಯನಗರದಲ್ಲಿ ಪಿಜಿಯಲ್ಲಿದ್ದಾಗ ಎದುರು ಮನೆಯ ಮುಂದೆ ಒಂದು ರೇವಾ ಟಾರ್ಪಾಲ್ ಹೊದ್ದು ನಿಂತಿರ್ತಿತ್ತು. ಎರಡು ವರ್ಷ ಅದು ಅಲ್ಲಾಡಿದ್ದು ನೋಡಲಿಲ್ಲ. ಬಾಡಿ ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯಲ್ಲ. ಮೋಟರಿನಲ್ಲಿ ಸವೆಯೋದು ಕಡಿಮೆ. ಸತ್ತಿದ್ದು ಸೀಟಿನ ಕೆಳಗಿನ ಎಂಟು ಡಬ್ಬ ಅಷ್ಟೆ.

ಲಂಡನ್ನಿನಲ್ಲಿ ಇದೇ ಕಾರು 'ಜಿ-ವಿಝ್' ಅನ್ನೋ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಪೇಟೆ ಒಳಗೆ ಬರೋಕೆ ಕಟ್ಟಬೇಕಾದ ಕಂಜೆಶನ್ ಚಾರ್ಜು ಇದಕ್ಕೆ ಮಾಫಿ ಇತ್ತು, ಅದೇ ದೊಡ್ಡ ಆಕರ್ಷಣೆ. 2007ರಲ್ಲಿ ಟಾಪ್ ಗೇರ್‌ನವರು ಅದನ್ನ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿ ಮಾನ ಕಳೆದರು. ಯುರೋಪಿನಲ್ಲಿ ಅದು ಕಾನೂನಿನ ಪ್ರಕಾರ ಕಾರೇ ಅಲ್ಲ, ಕ್ವಾಡ್ರಿಸೈಕಲ್. ಹಾಗಾಗಿ ಕಾರಿಗಿರುವ ಡಿಕ್ಕಿ ಪರೀಕ್ಷೆಯ ನಿಯಮ ಅದಕ್ಕಿರಲಿಲ್ಲ. ಇದು ಸುಮ್ಮನೆ ತಮಾಷೆಯ ಮಾತಲ್ಲ. ಹಳೇ ಗಾಡಿ ಇಟ್ಟುಕೊಳ್ಳೋರು ಈ ಲೆಕ್ಕವನ್ನೂ ಹಾಕಲೇಬೇಕು. ಆದರೂ ಅಲ್ಲಿನ ಹುಚ್ಚರು (ಪ್ರೀತಿಯಿಂದ ಹೇಳ್ತಿದೀನಿ) ಸೀಸ ತೆಗೆದು ಲೀಥಿಯಂ ಸೆಲ್ ಜೋಡಿಸಿ ಅದೇ ಗಾಡಿಯನ್ನ ಓಡಿಸಿದರು. ಇದು ಸಾಧ್ಯವಾಗಿದ್ದು ಯಾಕೆ? ಬ್ಯಾಟರಿ ಬೇರೆ, ಗಾಡಿ ಬೇರೆಯಾಗಿತ್ತು. ಪೆಟ್ಟಿಗೆಯ ಜಾಗ, ವೋಲ್ಟು ಇಷ್ಟು ಸರಿಹೋದರೆ ಆಯಿತು.

ಆಮೇಲೆ ಬದಲಾಯಿತು. 2009ರಲ್ಲಿ ರೇವಾಕ್ಕೂ ಲೀಥಿಯಂ ಬಂತು. ಅದೇ ವರ್ಷ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಕಂಪನಿಯವರು 'ರಿವೈವ್' ಅಂತ ಒಂದು ತಂತ್ರ ತೋರಿಸಿದರು. ದಾರಿಯಲ್ಲಿ ಚಾರ್ಜ್ ಮುಗಿದರೆ ಫೋನ್ ಮಾಡಿ ಅಥವಾ ಎಸ್ಎಂಎಸ್ ಕಳಿಸಿ, ಅವರು ಅಲ್ಲಿಂದಲೇ ನಿಮ್ಮ ಬ್ಯಾಟರಿ ಪರೀಕ್ಷಿಸಿ, ಒಳಗೆ ಬಚ್ಚಿಟ್ಟ ಒಂದಿಷ್ಟು ಚಾರ್ಜನ್ನ ದೂರದಿಂದಲೇ ಬಿಡುಗಡೆ ಮಾಡ್ತಾರೆ! 2009ರಲ್ಲಿ, ಸ್ಮಾರ್ಟ್‌ಫೋನ್ ಇನ್ನೂ ಮನೆಮನೆಗೆ ಬಾರದ ಕಾಲದಲ್ಲಿ, ಬೊಮ್ಮಸಂದ್ರದವರ ತಲೆಗೆ ಬಂದ ಐಡಿಯಾ. ಓದಿ ಭಲೇ ಅಂದುಕೊಂಡೆ. ಅಕ್ಕ ಕತ್ತಲಲ್ಲಿ ನಿಂತಿದ್ದಾಗ ಇಂಥದ್ದೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು. ಆದರೆ ಇನ್ನೊಂದು ಸಲ ಓದಿದಾಗ ಬೇರೆ ಅರ್ಥ ಹೊಳೆಯಿತು. ನನ್ನ ಬ್ಯಾಟರಿಯಲ್ಲಿರೋ ಚಾರ್ಜಿಗೆ ಬೀಗ ಇನ್ನೊಬ್ಬರ ಕೈಯಲ್ಲಿ! ಆ ಇನ್ನೊಬ್ಬರು ಮುಂದೊಂದು ದಿನ ಅಂಗಡಿ ಮುಚ್ಚಿದರೆ?

2010ರ ಮೇ ತಿಂಗಳಲ್ಲಿ ಮಹೀಂದ್ರದವರು ರೇವಾದ 55.2% ಪಾಲು ಕೊಂಡರು. 26 ದೇಶಗಳಿಗೆ ಹೋಗಿ ನಾಲ್ಕೂವರೆ ಸಾವಿರದಷ್ಟು ಮಾರಾಟವಾಗಿದ್ದ ಹಳೇ ರೇವಾದ ಜಾಗಕ್ಕೆ 2013ರ ಮಾರ್ಚ್‌ನಲ್ಲಿ ಇ2ಒ ಬಂತು. ಮಾರನೇ ವರ್ಷ ಅವರೊಂದು ಲೆಕ್ಕ ಮುಂದಿಟ್ಟರು: ಕಾರಿನ ಬೆಲೆ ಇಳಿಸ್ತೀವಿ, ಬ್ಯಾಟರಿಗೆ ತಿಂಗಳಿಗೆ 2,599 ರೂಪಾಯಿ ಕಟ್ಕೊಂಡು ಹೋಗಿ. ಆಗ ಬಹಳ ಜನ ನಕ್ಕರು. ಬ್ಯಾಟರಿ ಇಲ್ಲದ ಕಾರಾ ಅಂತ. ನನಗೇನೋ ಅದು ಆ ಕಂಪನಿ ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಅನ್ನಿಸಿತು. ಗಾಡಿಯ ಆಯಸ್ಸು ಬೇರೆ, ಬ್ಯಾಟರಿಯ ಆಯಸ್ಸು ಬೇರೆ ಅಂತ ಬಿಲ್ಲಿನಲ್ಲೇ ಒಪ್ಪಿಕೊಂಡ ಹಾಗಾಯಿತಲ್ಲ. ಚೇತನ್ ಮೈನಿಯವರು ಮುಂದೆ 2017ರಲ್ಲಿ ಸನ್ ಮೊಬಿಲಿಟಿ ಶುರು ಮಾಡಿದರು. ಅದರ ಕೆಲಸವೇ ಬ್ಯಾಟರಿ ಅದಲುಬದಲು. ಬ್ಯಾಟರಿ ಸಮೇತ ಕಾರು ಮಾರಿದವರೇ ಕೊನೆಗೆ ಬ್ಯಾಟರಿ ಕೊಳ್ಳಲೇಬೇಡಿ ಅನ್ನೋ ವ್ಯಾಪಾರಕ್ಕೆ ಬಂದರು.

*

ಇದು ಹೊಸ ಬುದ್ಧಿ ಅಂದುಕೊಂಡಿದ್ದೆ. ಅಲ್ಲವಂತೆ, ನೂರು ವರ್ಷ ಹಳೇದು.

1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,681 ಉಗಿಯವು, 1,575 ಕರೆಂಟಿನವು, ಪೆಟ್ರೋಲಿನವು ಬರೀ 936. ಹೌದು, ಪೆಟ್ರೋಲ್ ಲಾಸ್ಟು! ಹೆನ್ರಿ ಫೋರ್ಡ್ ಊರಿಗೆಲ್ಲ ಪೆಟ್ರೋಲ್ ಕಾರು ಮಾರ್ತಿದ್ದಾಗ ಅವನ ಹೆಂಡತಿ ಕ್ಲಾರಾ ಓಡಿಸ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ :) ಆ ಕಾಲದಲ್ಲೂ ಬ್ಯಾಟರಿಯದೇ ತಲೆನೋವು. ಕನೆಟಿಕಟ್‌ನ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ 1910ರ ದಶಕದಲ್ಲಿ ಒಂದು ದಾರಿ ಹುಡುಕಿತು. ಲಾರಿಯನ್ನ ಬ್ಯಾಟರಿ ಇಲ್ಲದೆ ಕೊಳ್ಳಿ, ಬ್ಯಾಟರಿ ನಮ್ಮದು, ಖಾಲಿಯಾದರೆ ತಂದುಕೊಟ್ಟು ತುಂಬಿದ್ದು ತಗೊಂಡು ಹೋಗಿ, ಓಡಿದ ಮೈಲಿಗೆ ಇಷ್ಟು ಅಂತ ಕೊಡಿ. 1924ರವರೆಗೆ ನಡೆದ ಈ ಪದ್ಧತಿಯಲ್ಲಿ ಗಾಡಿಗಳು ಒಟ್ಟು 60 ಲಕ್ಷ ಮೈಲಿಗಿಂತ ಹೆಚ್ಚು ಓಡಿದವು. ಆಮೇಲೆ ಪೆಟ್ರೋಲ್ ಗೆದ್ದಿತು. 1912ರಲ್ಲಿ ಕ್ಯಾಡಿಲ್ಯಾಕ್‌ಗೆ ಸೆಲ್ಫ್ ಸ್ಟಾರ್ಟರ್ ಬಂದು ಹ್ಯಾಂಡಲ್ ತಿರುಗಿಸೋ ಕಷ್ಟ ತಪ್ಪಿದ ಮೇಲೆ ಕರೆಂಟು ಕಾರಿನ ದೊಡ್ಡ ಅನುಕೂಲ ಒಂದು ಹೋಯಿತು. ಪೆಟ್ರೋಲ್ ಕಾರಿಗೆ ಆ ಸ್ಟಾರ್ಟರ್ ಕೊಟ್ಟಿದ್ದು ಬ್ಯಾಟರಿ ಮತ್ತು ಕರೆಂಟು ಮೋಟರೇ, ಎಂಥಾ ವಿಪರ್ಯಾಸ.

ಇದರ ಪೂರಾ ಉಲ್ಟಾ ಕಥೆ ಜನರಲ್ ಮೋಟರ್ಸ್‌ನ ಇವಿ1. 1996ರಿಂದ 1,117 ಕಾರು ಮಾಡಿದರು, ಒಂದನ್ನೂ ಮಾರಲಿಲ್ಲ. ಎಲ್ಲವೂ ಬಾಡಿಗೆಗೆ. ಕರಾರು ಮುಗಿದ ಮೇಲೆ "ದುಡ್ಡು ಕೊಡ್ತೀವಿ, ನಮಗೇ ಮಾರಿಬಿಡಿ" ಅಂತ ಓಡಿಸಿದವರು ಅಂಗಲಾಚಿದರೂ ಕೇಳದೆ ವಾಪಸ್ ತಗೊಂಡು, ಹೆಚ್ಚಿನವನ್ನ ಪುಡಿ ಮಾಡಿಬಿಟ್ಟರು. ಇಟ್ಟುಕೊಳ್ಳೋದಾ ಬದಲಿಸೋದಾ ಅನ್ನೋ ಪ್ರಶ್ನೆ ಕೇಳೋ ಅವಕಾಶವೇ ಆ ಮನೆಗಳಿಗೆ ಸಿಗಲಿಲ್ಲ. ಬ್ಯಾಟರಿ ಬಾಡಿಗೆಗೆ ಕೊಡೋದಕ್ಕೂ ಗಾಡಿಯನ್ನೇ ಬಾಡಿಗೆಗೆ ಕೊಡೋದಕ್ಕೂ ಇರೋ ವ್ಯತ್ಯಾಸ ಇಷ್ಟು.

*

ಈಗ ನಮ್ಮ ಅಂಗಳಕ್ಕೆ ವಾಪಸ್ ಬರೋಣ.

ಅಪ್ಪನದು ಬಂಗಾರಪೇಟೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಕೋಲಾರ ಜಿಲ್ಲೆಯಲ್ಲಿ ಆ ಕಸುಬಿಗೆ ಬರಗಾಲ ಇಲ್ಲ (ನೀರಿಗಿದೆ). ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು, ವೋಲ್ಟೇಜ್ ಹೆಚ್ಚುಕಮ್ಮಿಯಾಗಿ ಸುಟ್ಟ ಸಬ್‌ಮರ್ಸಿಬಲ್ ಮೋಟರುಗಳು. ಸುಟ್ಟ ಮೋಟರನ್ನ ಯಾರೂ ಗುಜರಿಗೆ ಹಾಕಲ್ಲ. ಅಪ್ಪ ಹಳೇ ತಾಮ್ರ ಕಿತ್ತು, ಹೊಸ ತಂತಿ ಸುತ್ತಿ, ಬುಷ್ ಬದಲಿಸಿ ಕೊಡ್ತಾರೆ. ಅದೇ ಮೋಟರ್ ಇನ್ನೂ ಮೂರು ನಾಲ್ಕು ಸಲ ಸುಟ್ಟು ಮೂರು ನಾಲ್ಕು ಸಲ ಬದುಕುತ್ತೆ. ಭಾವ ಎರಡೂ ಗಾಡಿ ಕೊಡೋಣ ಅಂದಾಗ ಅಪ್ಪ ಒಂದೇ ಮಾತು ಕೇಳಿದರು: "ಮೋಟರ್ ಸುಟ್ಟೋದ್ರೆ ಬೋರ್‌ವೆಲ್ ಮುಚ್ಬಿಡ್ತಾರೇನಪ್ಪಾ?"

ಅಪ್ಪನ ಸ್ಕೂಟರಿನ ಜಾತಕ ನೋಡಿ. 12 ವೋಲ್ಟಿನ ನಾಲ್ಕು ಬ್ಯಾಟರಿ. ಎರಡೂವರೆ ವರ್ಷಕ್ಕೊಂದು ಸೆಟ್, ಇಲ್ಲಿವರೆಗೆ ಐದು ಸೆಟ್ ಮುಗಿದಿವೆ. ಕಂಟ್ರೋಲರ್ ಒಂದು ಸಲ ಹೋಯಿತು, ನಾನೇ ಎಸ್.ಪಿ. ರೋಡಿನಿಂದ 1,800 ಕೊಟ್ಟು ತಂದುಕೊಟ್ಟೆ. ಸ್ಪೀಡೋಮೀಟರ್ ಸತ್ತು ಯಾವ ಕಾಲವಾಯಿತೋ. ಮುಂದಿನ ಪ್ಯಾನೆಲ್ಲನ್ನ ವೈಂಡಿಂಗ್ ತಂತಿಯಲ್ಲೇ ಕಟ್ಟಿದ್ದಾರೆ. ಕಂಪನಿ ಇಲ್ಲ, ಆಪ್ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ. ಆದರೆ ಅದರ ಒಳಗೆ ಬಂಗಾರಪೇಟೆಯಲ್ಲಿ ಸಿಗದ ಅಥವಾ ಬೆಂಗಳೂರಿಗೆ ಒಂದು ರೈಲು ಹತ್ತಿದರೆ ಸಿಗದ ಸಾಮಾನು ಒಂದೂ ಇಲ್ಲ. ಹೊಸ ಸೆಟ್ಟಿಗೆ ಅಂಗಡಿಯವರು ಹೇಳಿದ್ದು 11 ಸಾವಿರ. ಹಳೇ ನಾಲ್ಕನ್ನ ಅವರೇ ವಾಪಸ್ ತಗೊಂಡು ಸೀಸದ ಬೆಲೆ ಮುರಿದುಕೊಳ್ತಾರೆ. ಹಾಗೆ ವಾಪಸ್ ತಗೋಬೇಕು ಅನ್ನೋ ನಿಯಮ ಬಂದಿದ್ದೂ 2001ರಲ್ಲೇ. ಸೀಸವನ್ನ ಕದ್ದುಮುಚ್ಚಿ ಹಿತ್ತಲಲ್ಲಿ ಕರಗಿಸೋರ ಕೈಗೆ ಕೊಡಬಾರದು ಅನ್ನೋದೇ ಅದರ ಉದ್ದೇಶ. ಆ ಹೊಗೆ ಮಕ್ಕಳ ಮೆದುಳಿಗೆ ವಿಷ. ಅದಕ್ಕೆ ಹಳೇ ಬ್ಯಾಟರಿಯನ್ನ ಬೀದಿ ಗುಜರಿಯವನಿಗೆ ಕೊಡದೆ ಬಿಲ್ ಕೊಡೋ ಅಂಗಡಿಗೇ ಕೊಡಿ ಅಂತ ಅಪ್ಪನಿಗೂ ಹೇಳಿದೀನಿ.

ಅಕ್ಕನ ಗಾಡಿ? ಮೋಟರ್ ಫಸ್ಟ್ ಕ್ಲಾಸ್. ಬ್ರೇಕ್, ಟೈರ್, ಬಾಡಿ ಎಲ್ಲಾ ಹೊಸದರ ಹಾಗಿದೆ. ಮೂರು ವರ್ಷದ ವಾರಂಟಿ 2024ಕ್ಕೆ ಮುಗಿದಿದೆ. ಹೊಸ ಪ್ಯಾಕಿಗೆ 68 ಸಾವಿರ, ಅದೂ ಮೂರು ತಿಂಗಳು ಕಾಯಬೇಕು, ಅದಕ್ಕೆ ವಾರಂಟಿ ಒಂದೇ ವರ್ಷ ಅಂದರು. ಹೊರಗಡೆ ಒಬ್ಬರು 35 ಸಾವಿರಕ್ಕೆ ಪ್ಯಾಕ್ ಕಟ್ಟಿಕೊಡ್ತೀನಿ ಅಂದರು. ಆದರೆ ಗಾಡಿ ಅದನ್ನ ಒಪ್ಪಲ್ಲ. ಪ್ಯಾಕಿನೊಳಗಿರೋ ಬಿಎಂಎಸ್ ಬೋರ್ಡು ಗಾಡಿಯ ಕಂಪ್ಯೂಟರಿಗೆ ಒಂದು ಗುರುತು ಹೇಳಬೇಕು, ಅದು ಸರಿಯಿದ್ದರೆ ಮಾತ್ರ ಮೋಟರಿಗೆ ಕರೆಂಟು. ಇಂಥ ಗುರುತು ಪರೀಕ್ಷೆಯ ಕೋಡನ್ನ ನಾನು ಆಫೀಸಿನಲ್ಲಿ ದಿನಾ ನೋಡ್ತೀನಿ, ಬರೆಯೋಕೆ ಅರ್ಧ ದಿನ ಸಾಕು. ಆ ಅರ್ಧ ದಿನದ ಕೋಡು ಒಂದು ಗಟ್ಟಿಮುಟ್ಟಾದ ಗಾಡಿಯ ಹಣೆಬರಹ ಬರೀತಿದೆ!

ನ್ಯಾಯವಾಗಿ ಹೇಳಬೇಕೆಂದರೆ ಬೀಗಕ್ಕೆ ಕಾರಣವೂ ಇದೆ. ಸೀಸದ ಬ್ಯಾಟರಿ ತಪ್ಪಾಗಿ ಜೋಡಿಸಿದರೆ ಕಿಡಿ ಹಾರುತ್ತೆ, ಆಸಿಡ್ ಚೆಲ್ಲುತ್ತೆ. ಲೀಥಿಯಂ ತಪ್ಪಾದರೆ ಮನೆಯೇ ಹೊತ್ತಿಕೊಳ್ಳುತ್ತೆ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಎಐಎಸ್-156 ನಿಯಮವನ್ನ ಬಿಗಿ ಮಾಡಿ, ಅದೇ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ತಂತು. ಹಾಗಾಗಿ ಆ ಬೀಗ ಒಡೆಯೋ ಯೋಚನೆ ನಾನು ಮಾಡಲಿಲ್ಲ. ಅಕ್ಕನ ಮಕ್ಕಳು ಮಲಗೋ ಕೋಣೆಯ ಪಕ್ಕದಲ್ಲೇ ಚಾರ್ಜಿಗೆ ಹಾಕೋದು. ಸುರಕ್ಷತೆಗೆ ಬೀಗ ಇರಲಿ, ಬೇಡ ಅನ್ನಲ್ಲ. ಆದರೆ ಬೀಗ ಹಾಕಿದವರು ಇಷ್ಟು ವರ್ಷ ಇಷ್ಟು ಬೆಲೆಗೆ ಬ್ಯಾಟರಿ ಕೊಡ್ತೀವಿ ಅಂತ ಬರೆದುಕೊಡಬೇಕಲ್ವಾ? ಅಂದು ಗಣಿಯವರು ಸಂಸ್ಥಾನದಿಂದ ಬರೆಸಿಕೊಂಡಿದ್ದು ಇಂಥದ್ದನ್ನೇ ತಾನೆ.

ಸರ್ಕಾರದ ಲೆಕ್ಕವೂ ಇಟ್ಟುಕೊಳ್ಳೋರ ಪರ ಇಲ್ಲ. 2019ರ ಏಪ್ರಿಲ್‌ನಿಂದ ಫೇಮ್-2 ಯೋಜನೆಯಲ್ಲಿ ಪ್ರತಿ ಕಿಲೋವ್ಯಾಟ್-ಅವರ್‌ಗೆ 10,000, 2021ರ ಜೂನ್‌ನಿಂದ 15,000, 2023ರ ಜೂನ್‌ನಿಂದ ಮತ್ತೆ 10,000 ಅಂತ ಸಬ್ಸಿಡಿ ಏರಿಳಿಯಿತು. ಎಲ್ಲವೂ ಹೊಸ ಗಾಡಿಗೆ. ಹಳೇ ಗಾಡಿಗೆ ಹೊಸ ಬ್ಯಾಟರಿ ಹಾಕಿಸಿದರೆ ಬಿಡಿಗಾಸಿಲ್ಲ. ತೆರಿಗೆ ನೋಡಿ: ಇಡೀ ಕರೆಂಟು ಗಾಡಿ ಕೊಂಡರೆ ಜಿಎಸ್‌ಟಿ 5%. ಅದರೊಳಗಿನ ಬ್ಯಾಟರಿ ಮಾತ್ರ ಕೊಂಡರೆ 18%! (ಅಪ್ಪನ ಸೀಸದ್ದಕ್ಕೆ ಇನ್ನೂ ಜಾಸ್ತಿ, 28% ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬ್ಯಾಟರಿಗೂ 18 ಆಗಿದೆ.) ಪರಿಸರದ ಹೆಸರಿನಲ್ಲಿ ಮಾಡಿದ ಲೆಕ್ಕ ಇದು. ಗಟ್ಟಿಯಾಗಿರೋ ಗಾಡಿಯನ್ನ ಉಳಿಸಿಕೊಳ್ಳೋನಿಗೆ ದಂಡ, ಬಿಸಾಕಿ ಹೊಸದು ತರೋನಿಗೆ ರಿಯಾಯಿತಿ.

ಕೂಡಿ ಕಳೆದು ನೋಡಿದೆ. ಅಕ್ಕನ ಗಾಡಿಗೆ ಹೊಸ ಪ್ಯಾಕ್ ಹಾಕಿಸಿದರೆ 68 ಸಾವಿರ. ಐದು ವರ್ಷ ಬಂತು ಅಂತಲೇ ಇಟ್ಟುಕೊಳ್ಳಿ, ವರ್ಷಕ್ಕೆ 13,600. ಅದೂ ಕಂಪನಿ ಅಲ್ಲಿವರೆಗೆ ಇದ್ದರೆ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟರೆ 22 ಸಾವಿರ ಸಿಗುತ್ತೆ. ಹೊಸದು 1 ಲಕ್ಷ 15 ಸಾವಿರ. ಕೈಯಿಂದ 93 ಸಾವಿರ, ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಬರವಣಿಗೆಯಲ್ಲಿದೆ. ವರ್ಷಕ್ಕೆ 11,600 ಆಸುಪಾಸು. ಅಪ್ಪನ ಗಾಡಿಗೆ 11 ಸಾವಿರ, ಎರಡೂವರೆ ವರ್ಷಕ್ಕೆ. ವರ್ಷಕ್ಕೆ 4,400.

ಹಾಗಾಗಿ ತೀರ್ಪು ಹೀಗಾಯಿತು: 2012ರ ಗಾಡಿ ಇರುತ್ತೆ, 2021ರದ್ದು ಹೋಗುತ್ತೆ. ಭಾವನಿಗೆ ನಗು. "ಮುದುಕನ್ನ ಇಟ್ಕೊಂಡು ಹುಡುಗನ್ನ ಕಳಿಸ್ತಾರಾ?" ಅಂದರು. ಅಕ್ಕನಿಗೆ ಬೇಜಾರೇ ಆಯಿತು. ಮೊದಲ ಸಂಬಳ ಕೂಡಿಟ್ಟು ಕೊಂಡ ಗಾಡಿ ಅದು. ಪೆಟ್ರೋಲ್ ಬೇಡ ಅಂತ ಅವಳೇ ಹಟ ಹಿಡಿದಳು, ಅಮ್ಮ ಸುಮ್ಮನಾದರು. ಹೊಸ ಗಾಡಿ ನೋಡೋಕೆ ಹೋದಾಗ ಅವಳು ಸ್ಪೀಡು, ಸ್ಕ್ರೀನು ಯಾವುದನ್ನೂ ಕೇಳಲಿಲ್ಲ. "ಬ್ಯಾಟರಿ ಮಾತ್ರ ಬೇಕಂದ್ರೆ ರೇಟು ಎಷ್ಟು, ಇವತ್ತೇ ಬರ್ಕೊಡ್ತೀರಾ?" ಅಂತ ಕೇಳಿದಳು. ಮೂರು ಶೋರೂಮಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಮೂರನೆಯವರು ಹುಡುಕಿ ಒಂದು ರೇಟ್ ಲಿಸ್ಟ್ ತೋರಿಸಿದರು. ಅಲ್ಲೇ ಬುಕ್ ಮಾಡಿದೆವು.

ನಮ್ಮ ಸುತ್ತಮುತ್ತ ಈಗ ಈ ಗಾಡಿಗಳದ್ದೇ ಸಂತೆ ಅನ್ನೋದೂ ಒಂದು ಮಜಾ. ಗಡಿಯಾಚೆ ಹೊಸೂರಿನಲ್ಲಿ ಏಥರ್, ಕೃಷ್ಣಗಿರಿ ಕಡೆ ಓಲಾ ಕಾರ್ಖಾನೆ. ನಮ್ಮ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ. 2024ರ ನವೆಂಬರಿನಲ್ಲಿ ಹೋಂಡಾದವರು ತೋರಿಸಿದ ಆಕ್ಟಿವಾ ಇ: ತಯಾರಾಗಿದ್ದು ಆ ನರಸಾಪುರದಲ್ಲೇ. ಅದರಲ್ಲಿ ಬ್ಯಾಟರಿ ನಿಮ್ಮದಲ್ಲ, ಖಾಲಿಯಾದರೆ ಕೇಂದ್ರಕ್ಕೆ ಹೋಗಿ ಬದಲಿಸಿಕೊಂಡು ಬರಬೇಕು. ಹಾರ್ಟ್‌ಫರ್ಡಿನವರ ಯೋಚನೆ ನೂರು ವರ್ಷಕ್ಕೆ ಕೋಲಾರ ಜಿಲ್ಲೆ ಮುಟ್ಟಿತು ಅಂತ ಖುಷಿಪಟ್ಟೆ. ಆದರೆ ಬದಲಿಸೋ ಕೇಂದ್ರಗಳು ಬೆಂಗಳೂರು, ದಿಲ್ಲಿ, ಮುಂಬೈಗೆ ಅಂತ ಶುರುವಾದವು. ಗಾಡಿ ಹುಟ್ಟಿದ ಜಿಲ್ಲೆಯವರು ಬ್ಯಾಟರಿಗೆ ಬೆಂಗಳೂರಿಗೆ ಹೋಗಬೇಕು! ಇನ್ನು ಶಿವನಸಮುದ್ರ ಇರೋ ಮಂಡ್ಯ ಕಡೆ, ಮರಳಗಾಲದಲ್ಲಿ 1,600 ಟನ್ ಲೀಥಿಯಂ ಇದೆ ಅಂತ ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು 2021ರಲ್ಲಿ ಸುದ್ದಿಯಾಗಿತ್ತು. ಕರೆಂಟೂ ಅಲ್ಲಿಂದಲೇ, ಲೀಥಿಯಮ್ಮೂ ಅಲ್ಲಿಂದಲೇ ಬಂದರೆ ಮಂಡ್ಯದವರಿಗೆ ನಾವು ಇನ್ನೊಂದು ಸಲ ಕೈಮುಗಿಯಬೇಕಾಗುತ್ತೆ.

ಅಪ್ಪನ ಹತ್ರ ಮಾತಾಡುವಾಗ ಗೊತ್ತಾದ ಇನ್ನೊಂದು ವಿಷಯ ಬರೆದುಬಿಡ್ತೀನಿ. ಶಿವನಸಮುದ್ರದಿಂದ ಬಂದ ಆ ಹಳೇ ಕರೆಂಟು 25 ಸೈಕಲ್‌ನದು. ದೇಶಕ್ಕೆಲ್ಲ ನಿಂತಿದ್ದು 50. 25ಕ್ಕೆ ಅಂತ ಮಾಡಿದ ಮೋಟರನ್ನ 50ಕ್ಕೆ ಹಾಕಿದರೆ ಎರಡರಷ್ಟು ವೇಗದಲ್ಲಿ ತಿರುಗೋಕೆ ಹೋಗುತ್ತೆ, ಪಂಪು ಕಂಪ್ರೆಸರ್ ತಡೆಯಲ್ಲ. ಅಪ್ಪ ಕಸುಬು ಕಲಿತದ್ದು ಕೆಜಿಎಫ್‌ನ ಒಬ್ಬ ಹಿರಿಯರ ಹತ್ರ. ಆ ಮೇಸ್ತ್ರಿ ಹಳೇ ಮೋಟರಿನ ಸ್ಟೇಟರ್ ತೋರಿಸಿ, ಗಾಡಿಗಳಲ್ಲಿ ಪೋಲ್ ಎಷ್ಟಿವೆ ಅಂತ ಎಣಿಸಿ, ಡಬಲ್ ಪೋಲ್ ಬರೋ ಹಾಗೆ ಮತ್ತೆ ಸುತ್ತಿದರೆ ಹಳೇ ವೇಗಕ್ಕೇ ಬರುತ್ತೆ ಅಂತ ಹೇಳಿಕೊಡ್ತಿದ್ದರಂತೆ. ಎಲ್ಲ ಮೋಟರಿಗೂ ಆಗಲ್ಲ, ಗಾಳಿಗಳ ಲೆಕ್ಕ ಕೂಡಿಬರಬೇಕು, ಕೂಡಿಬಂದರೆ ಕಬ್ಬಿಣ ಅದೇ, ಬೇರಿಂಗ್ ಅದೇ, ತಾಮ್ರ ಮಾತ್ರ ಹೊಸದು. ಕರೆಂಟಿನ ಜಾತಿಯೇ ಬದಲಾದರೂ ಯಂತ್ರ ಉಳಿಸಿಕೊಳ್ಳೋ ದಾರಿ ಅವರಿಗೆ ಗೊತ್ತಿತ್ತು.

ಬ್ಲಾಗ್ ಮಿತ್ರರಲ್ಲಿ ಬೆಂಗಳೂರಿನವರು ಬಹಳ ಜನ ಇದೀರಿ. ನಿಮ್ಮ ಮನೆಯಲ್ಲಾಗಲಿ, ಪಕ್ಕದ ಮನೆಯಲ್ಲಾಗಲಿ ಹಳೇ ರೇವಾ ಇನ್ನೂ ಓಡ್ತಾ ಇದ್ದರೆ ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ: ಎಷ್ಟು ಸಲ ಬ್ಯಾಟರಿ ಬದಲಿಸಿದಿರಿ, ಪ್ರತಿ ಸಲ ಎಷ್ಟಾಯಿತು, ಸೀಸದಲ್ಲೇ ಇದೀರಾ ಲೀಥಿಯಂಗೆ ಹೋದಿರಾ? ಹಳೇ ಬಿಲ್ಲುಗಳಿದ್ದರೆ ಫೋಟೋ ತೆಗೆದಿಡಿ. 2001ರಿಂದ ಈವರೆಗಿನ ಲೆಕ್ಕ ಒಂದು ಕಡೆ ಕೂಡಿಸಬೇಕು ಅಂತಿದೀನಿ. ಅಪ್ಪನ ಐದು ಸೆಟ್ಟಿನ ಬಿಲ್ಲು ಅಂಗಡಿಯ ಮೊಳೆಗೆ ಚುಚ್ಚಿದ್ದು ಹಾಗೇ ಇವೆ, ಅದರಿಂದ ಶುರು ಮಾಡ್ತೀನಿ.